ಮೇರಿ ಇಲ್ಲದ ಶನಿವಾರ

ನನ್ನ ಸೊಸೆ ಭಾವನಾ ಮೂರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಬರೀ ಭಾಷೆಯಲ್ಲವಂತೆ, ಜೊತೆಗೆ ಸಾಮಾಜಿಕ ಕಾಳಜಿಯೂ ಇದೆಯಂತೆ. ಸೌತ್ ಸಿ ಬಡಾವಣೆಯ ಆ ಭಾಷಾ ಶಾಲೆಯಲ್ಲಿ ಮೊದಲು ಹೇಳಿಕೊಡುವುದೇ ದುಡಿಯುವವರ ಕಷ್ಟ. ಇವಳು ಹೈರಿಡ್ಜ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ, ಕಷ್ಟ ಕಲಿತು, ಕಾರಿನಲ್ಲೇ ವಾಪಸ್ ಬರುತ್ತಾಳೆ.

ಈ ಶನಿವಾರ ಇಡೀ ತರಗತಿಗೆ ನಮ್ಮ ಮನೆಯಲ್ಲಿ ಊಟ. ಚರ್ಚೆಯ ವಿಷಯ, ಮನೆಗೆಲಸದವರ ಘನತೆ. ಹದಿನಾಲ್ಕು ಜನಕ್ಕೆ ಅಡುಗೆ ಮಾಡಬೇಕಾದವಳು ನಮ್ಮ ಮನೆಗೆಲಸದ ಮೇರಿ. ಅದೇ ದಿನ ಅವಳ ಮಗಳಿಗೆ ನರ್ಸಿಂಗ್ ಪದವಿ ಪ್ರದಾನ! ಪಾಪ, ತಿಂಗಳ ಹಿಂದೆಯೇ ರಜೆ ಕೇಳಿದ್ದಳು.

"ಈ ಒಂದ್ಸಲ ಅಡ್ಜಸ್ಟ್ ಮಾಡ್ಕೋ ಮೇರಿ. ಪ್ರೋಗ್ರಾಂ ಇರೋದೇ ನಿಮ್ಮಂಥವರಿಗೋಸ್ಕರ ಅಲ್ವಾ?" ಎಂದಳು ಭಾವನಾ.

"ಸವಾ, ಅಮ್ಮ" ಎಂದು ತನ್ನ ಭಾಷೆಯಲ್ಲೇ ಒಪ್ಪಿಕೊಂಡು ಮೇರಿ ಒಳಗೆ ಹೋದಳು. ಒಂಬತ್ತು ವರ್ಷದಲ್ಲಿ ನಮ್ಮ ಕನ್ನಡವನ್ನೆಲ್ಲ ಕಲಿತಿದ್ದಾಳೆ, ಯಾವ ಶಾಲೆಗೂ ಹೋಗದೆ. ಸೊಸೆಯ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಬೆಳಿಗ್ಗೆ ನೋಡಿದರೆ, ಮೇರಿ ಏಪ್ರನ್ ಒಳಗೆ ಹೊಸ ನೀಲಿ ಗೌನು ತೊಟ್ಟುಕೊಂಡೇ ಚಪಾತಿಗೆ ಹಿಟ್ಟು ನಾದುತ್ತಿದ್ದಾಳೆ.

"ಎಷ್ಟು ಗಂಟೆಗೆ ಕಣೇ ಫಂಕ್ಷನ್ನು?"

"ಹತ್ತಕ್ಕೆ, ಅಜ್ಜಿ."

"ಮತ್ತಿನ್ನೇನ್ ನೋಡ್ತಾ ನಿಂತಿದ್ದೀಯ? ಓಡು, ಮಟಾಟು ವ್ಯಾನ್ ಹಿಡಿ! ಅವಳಿಗೆ ನಾನು ಹೇಳ್ಕೋತೀನಿ."

ಏಪ್ರನ್ ಬಿಚ್ಚಿಟ್ಟು ಓಡಿದಳು. ನಾನು ಹದಿನಾಲ್ಕು ಜನಕ್ಕೂ ಉಪ್ಪಿಟ್ಟು ಕೆದಕಿದೆ. ಭಾವನಾ ಮುಖ ಊದಿಸಿಕೊಂಡು ಬಡಿಸಿದಳು.

ತಿಂದಾದ ಮೇಲೆ ಟೀಚರು ಇಂಗ್ಲಿಷಿನಲ್ಲಿ, ಭಾವನಾ ಹೇಳಿದ್ದ ಆ ಮೇರಿ ಎಲ್ಲಿ, ಅವಳ ಮಾತು ಕೇಳಲು ಬಂದೆವು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ, "ನಾನೇ ರಜೆ ಕೊಟ್ಟೆ. ಮಗಳ ಪದವಿಗಿಂತ ನಮ್ಮ ಊಟ ಹೆಚ್ಚೇ?" ಎಂದುಬಿಟ್ಟಳು. ಎಲ್ಲರೂ ಚಪ್ಪಾಳೆ ಹೊಡೆದರು, ಒಬ್ಬರಂತೂ ಕಣ್ಣೊರೆಸಿಕೊಂಡರು.

ಅಬ್ಬಬ್ಬಾ, ಇವಳ ಧೈರ್ಯವೇ! ಮೇರಿಯ ಏಪ್ರನ್ ತಂದು ಅವಳ ಕೈಗಿಟ್ಟೆ. "ಹಾಗಾದ್ರೆ ಪಾತ್ರೆ ತೊಳಿ ಬಾ ತಾಯಿ."

ಸೊಸೆಯ ಕೈಲಿ ಏಪ್ರನ್ ಕಂಡು ಟೀಚರಿಗೆ ಖುಷಿಯೋ ಖುಷಿ. ಫೋಟೋ ತೆಗೆದುಕೊಂಡು, ಎಲ್ಲರನ್ನೂ ಹೊರಡಿಸಿಕೊಂಡು ಹೋದರು.

ಸಿಂಕಿನ ಮುಂದೆ ಭಾವನಾ ಒಬ್ಬಳೇ ಉಳಿದಳು. ಅಷ್ಟರಲ್ಲಿ ನನ್ನ ಫೋನಿಗೆ ಮೇರಿಯ ಫೋಟೋ ಬಂತು. ಮಗಳ ಪದವಿಯ ಟೋಪಿ ತಾನೇ ಹಾಕಿಕೊಂಡು ನಗುತ್ತಿದ್ದಾಳೆ, ಪಕ್ಕದಲ್ಲಿ ಮಗಳು. ಭಾವನಾ ನೊರೆಗೈಯಲ್ಲೇ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಕಂಗ್ರಾಟ್ಸ್ ಅಂತ ಕಳಿಸೋಣ ಅತ್ತೆ. ಆ ಹುಡುಗಿ ಹೆಸರೇನು?"

ಒಂಬತ್ತು ವರ್ಷವಾಗಿದೆ, ಅಷ್ಟೂ ಗೊತ್ತಿಲ್ಲವೇನೇ ನಿನಗೆ ಎಂದು ಬೈಯಲು ಬಾಯಿ ತೆರೆದೆ. ನನಗೂ ಗೊತ್ತಿರಲಿಲ್ಲ.