ಎರಡು ಬಗೆಯ ಅಂತೆ

ಫ್ರೀಜರ್ ಬಾಕ್ಸಿನ ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಒರಗಿಸುತ್ತಲೇ ಮುರಳೀಕೃಷ್ಣ ಮಗನನ್ನು ಕೂಗಿದರು.

"ಶ್ರೀಶ, ತಲೆ ಮೇಲೆ ನೀರು ಹಾಕ್ಕೊಂಡ್ ಬಾ. ಒದ್ದೆ ಪಂಚೇಲೇ ಬರ್ಬೇಕು."

ಅವರ ಅಕ್ಕ ತುಂಗಾ ಹಿಂದಿನ ಸಂಜೆ ತೀರಿಕೊಂಡಿದ್ದರು. ವಿಜಯನಗರದ ಶಾಲೆಯೊಂದರಲ್ಲಿ ಏಳನೇ, ಎಂಟನೇ ತರಗತಿಯವರಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಆಮೇಲೂ ಪರೀಕ್ಷೆ ಹತ್ತಿರ ಬಂದಾಗ ಬೀದಿಯ ಮಕ್ಕಳು ಸಂಧಿ, ಸಮಾಸ ಎಂದುಕೊಂಡು ಇದೇ ಹಾಲಿಗೆ ಬಂದು ಕೂರುತ್ತಿದ್ದರು. ಈಗ ಅಲ್ಲಿ ಶಾಸ್ತ್ರಿಗಳು ದರ್ಭೆ, ಎಳ್ಳು, ಹೊಸ ಮಡಕೆ ಜೋಡಿಸಿಕೊಂಡು ಕೂತಿದ್ದರು.

ಶ್ರೀಶ ಕದಲಲಿಲ್ಲ. ಅತ್ತೆಯ ಒಬ್ಬಳೇ ಮಗಳು ಮಾಲವಿಕಾಳ ಮುಖ ನೋಡಿದ.

"ನಾನು ಮಾಡ್ತೀನಿ ಮಾಮ," ಅಂದಳು ಮಾಲವಿಕಾ.

"ಏನು ಮಾಡ್ತೀಯ?"

"ಅಮ್ಮನ ಕ್ರಿಯೆ."

ಮುರಳೀಕೃಷ್ಣ ದನಿ ತಗ್ಗಿಸಿದರು. "ಹೆಣ್ಮಕ್ಕಳು ಮಾಡ್ಬಾರ್ದಂತೆ ಕಣೇ ಮಾಲು. ಹೋದೋರಿಗೆ ಗತಿ ಸಿಗಲ್ವಂತೆ."

ಬಾಗಿಲ ಬಳಿ ಮಲ್ಲಿಗೆ ಹಾರ ಹಿಡಿದು ನಿಂತಿದ್ದ ಹನುಮಂತಯ್ಯ ತಲೆ ಎತ್ತಿದ. ಅವನು ತುಂಗಾ ಅವರ ಶಾಲೆಯ ವ್ಯಾನ್ ಓಡಿಸುತ್ತಿದ್ದವನು.

*

ತುಂಗಾ ನಿವೃತ್ತರಾಗುವ ಹಿಂದಿನ ವರ್ಷ. ವಾರ್ಷಿಕ ಪರೀಕ್ಷೆಗೆ ಮುಂಚಿನ ಪುನರಾವರ್ತನೆ ನಡೆಯುತ್ತಿತ್ತು.

"ಚಂದ್ರನಂತೆ ಮುಖ. ಇಲ್ಲಿ 'ಅಂತೆ' ಯಾತಕ್ಕೆ ಬಂದಿದೆ?"

"ಉಪಮೆ ಮಿಸ್!"

"ಅವನು ಬಂದನಂತೆ. ಇಲ್ಲಿ?"

ಅರ್ಧ ತರಗತಿ ಅದನ್ನೂ ಉಪಮೆ ಎಂದೇ ಕೂಗಿತು.

"ಯಾವುದನ್ನ ಯಾವುದಕ್ಕೆ ಹೋಲಿಸಿದೆ ಹೇಳಿ ನೋಡೋಣ. ಇಲ್ಲ ಅಲ್ವಾ? ಇದು ಬೇರೆ ಅಂತೆ. ನಾನು ನೋಡಿಲ್ಲ, ಯಾರೋ ಹೇಳಿದ್ರು ಅನ್ನೋ ಅಂತೆ. ಇದು ಬಂದ ಕಡೆ ಕೇಳ್ಬೇಕು. ಹೇಳಿದ್ದು ಯಾರು? ಅವರು ಕಣ್ಣಾರೆ ನೋಡಿದ್ರಾ?"

ಹೊರಗೆ ಗಲಾಟೆ ಕೇಳಿಸಿತು. ಆ ವಾರವೆಲ್ಲ ಮಕ್ಕಳ ಕಳ್ಳರು ಬಿಳಿ ವ್ಯಾನಿನಲ್ಲಿ ತಿರುಗುತ್ತಿದ್ದಾರೆ ಎಂಬ ಮೆಸೇಜು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ತನ್ನ ವ್ಯಾನು ಗ್ಯಾರೇಜಿನಲ್ಲಿದ್ದದ್ದರಿಂದ ಹನುಮಂತಯ್ಯ ಅಂದು ಬೇರೆಯವರ ಬಿಳಿ ವ್ಯಾನು ತಂದಿದ್ದ. ಬೇಗ ಬಿಟ್ಟಿದ್ದ ಚಿಕ್ಕ ತರಗತಿಯ ಹುಡುಗಿಯೊಬ್ಬಳು ಒಳಗೆ ಕೂತು ಅಳುತ್ತಿದ್ದಳು. ಅಷ್ಟು ಸಾಕಾಯಿತು. ತುಂಗಾ ಗೇಟಿಗೆ ಬರುವಷ್ಟರಲ್ಲಿ ಜನ ಸೇರಿ ಅವನನ್ನು ಕೆಳಗೆಳೆದಿದ್ದರು. ಅಂಗಿ ಹರಿದಿತ್ತು, ತುಟಿಯಲ್ಲಿ ರಕ್ತವಿತ್ತು. ಒಬ್ಬನ ಕೈಯಲ್ಲಿ ದೊಣ್ಣೆ.

"ಮಕ್ಕಳನ್ನ ಕದೀತಾ ಇದ್ನಂತೆ ಮೇಡಂ!"

"ನೀವು ನೋಡಿದ್ರಾ?"

"ಇಲ್ಲ, ಇವ್ರು ಹೇಳಿದ್ರು."

"ನೀವು ನೋಡಿದ್ರಾ?"

"ಗ್ರೂಪಲ್ಲಿ ಬಂದಿತ್ತು..."

ಹೀಗೆ ಒಬ್ಬೊಬ್ಬರನ್ನೇ ಕೇಳುತ್ತಾ ದೊಣ್ಣೆಯವನ ತನಕ ಬಂದರು. ಅವನೂ ನೋಡಿರಲಿಲ್ಲ. ಕೊನೆಗೆ ವ್ಯಾನಿನ ಕಿಟಕಿಗೆ ಬಗ್ಗಿ, "ಯಾಕಮ್ಮ ಅಳ್ತಾ ಇದೀಯ?" ಎಂದರು.

"ಟಿಫನ್ ಬಾಕ್ಸು ಕ್ಲಾಸಲ್ಲೇ ಬಿಟ್ಬಿಟ್ಟೆ ಮಿಸ್. ಅಮ್ಮ ಬೈತಾರೆ."

ಜನ ಒಬ್ಬರ ಹಿಂದೊಬ್ಬರು ಜಾಗ ಖಾಲಿ ಮಾಡಿದರು. ತುಂಗಾ ಟಿಫನ್ ಬಾಕ್ಸು ತರಲು ಒಳಗೆ ಹೋದರು.

*

ಅದಾದ ಕೆಲವು ವರ್ಷಕ್ಕೆ ಗಂಡ ಲಕ್ಷ್ಮೀಪತಿ ಹೋದರು. ಅಂದೂ ಮುರಳೀಕೃಷ್ಣ ಇದೇ ಮಾತು ಹೇಳಿದ್ದರು. ಶ್ರೀಶನೇ ಕ್ರಿಯೆ ಮಾಡಿದ. ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡಿದ್ದ ಮಾಲವಿಕಾ ಮೆಟ್ಟಿಲ ಮೇಲೆ ನಿಂತು ಗಾಡಿ ಹೋಗುವುದನ್ನು ನೋಡಿದಳು. ತುಂಗಾ ತುಟಿ ಬಿಚ್ಚಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಗಳ ಪಕ್ಕ ಬಂದು ಕೂತರು.

"ಗೇಟಿನ ಹತ್ರ ಅಷ್ಟು ಜನರನ್ನ ಕೇಳೋಕೆ ಧೈರ್ಯ ಬಂತು. ನಮ್ಮನೇಲಿ ಒಬ್ಬನ್ನ ಕೇಳೋಕೆ ಬರ್ಲಿಲ್ಲ ಕಣೇ."

ಮಾಲವಿಕಾ ಎದ್ದು ಒಳಗೆ ಹೋದಳು. ಆಗ ಅವಳಿಗೆ ಅಮ್ಮನ ಮೇಲೆ ಸಿಟ್ಟಿತ್ತು.

*

"ಗತಿ ಸಿಗಲ್ಲ ಅಂತ ಯಾರು ಹೇಳಿದ್ದು ಮಾಮ?" ಎಂದಳು ಈಗ.

"ಎಲ್ಲಾರೂ ಹೇಳೋದೇ ಅಲ್ವಾ."

"ನೀವು ಎಲ್ಲಾದ್ರೂ ಓದಿದೀರಾ?"

ಮುರಳೀಕೃಷ್ಣ ಶಾಸ್ತ್ರಿಗಳ ಕಡೆ ತಿರುಗಿದರು. ಶಾಸ್ತ್ರಿಗಳು ದರ್ಭೆ ಬಿಡಿಸುವುದನ್ನು ನಿಲ್ಲಿಸಿದರು.

"ನಮ್ಮ ಕಡೆ ಮಾಡಿಸೋದಿಲ್ಲ, ಅದು ನಿಜ. ಅದು ರೂಢಿ. ಗಂಡು ಸಂತಾನ ಇಲ್ಲದೆ ಇದ್ರೆ ಮಗಳಿಗೆ ಅಧಿಕಾರ ಉಂಟು ಅಂತ ನಾನೇ ಓದಿದೀನಿ. ಗತಿ ಸಿಗಲ್ಲ ಅನ್ನೋದನ್ನ ನಾನು ಎಲ್ಲೂ ಓದಿಲ್ಲ."

"ಹಾಗಿದ್ರೆ ಭಾವ ಹೋದಾಗ ಯಾಕೆ ಹೇಳ್ಲಿಲ್ಲ ನೀವು?"

"ಯಾರೂ ಕೇಳ್ಲಿಲ್ಲ."

ಮುರಳೀಕೃಷ್ಣ ಅಕ್ಕನ ಮುಖ ನೋಡುತ್ತಾ ನಿಂತರು. "ನಮ್ಮಕ್ಕಂಗೆ ಏನೂ ಕಡ್ಮೆ ಆಗ್ಬಾರ್ದು ಮಾಲು. ಅದೊಂದೇ ನನ್ನ ಭಯ."

"ನಂಗೂ ಅದೇ ಮಾಮ."

ಅವಳು ಬಚ್ಚಲಿಗೆ ಹೋದಳು. ನೀರು ಸುರಿಯುವ ಸದ್ದು ಹಾಲಿನವರೆಗೂ ಕೇಳಿಸಿತು.

ಹನುಮಂತಯ್ಯ ಹಾರ ಹಾಕಿ, ಕಾಲು ಮುಟ್ಟಿ ಹೊರಗೆ ಬಂದ. ಶ್ರೀಶ ಪಕ್ಕ ಬಂದು ನಿಂತಾಗ ತಾನಾಗಿಯೇ ಮಾತು ತೆಗೆದ.

"ಅವತ್ತು ಮಿಸ್ ನನ್ನ ಪರ ಒಂದ್ ಮಾತೂ ಆಡ್ಲಿಲ್ಲ ಸಾರ್. ಇವನು ಒಳ್ಳೆಯವನು, ಬಿಡಿ ಅಂತ ಹೇಳ್ಲಿಲ್ಲ. ಬರೀ ಕೇಳಿದ್ರು. ಅಷ್ಟಕ್ಕೇ ನಾನು ಉಳ್ಕೊಂಡೆ."

*

ಸುಮನಹಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒದ್ದೆ ಸೀರೆಯಲ್ಲಿ ಮಾಲವಿಕಾ ನೀರಿನ ಮಡಕೆ ಹೊತ್ತು ಸುತ್ತು ಬಂದಳು. ಶಾಸ್ತ್ರಿಗಳು ಮಂತ್ರವನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟರು, ಅವಳು ಒಂದಕ್ಷರ ನುಂಗದೆ ಹೇಳಿದಳು. ಕರ್ಪೂರ ಹಚ್ಚಿದಳು. ಕಬ್ಬಿಣದ ಬಾಗಿಲು ಮೇಲೆದ್ದು ಮತ್ತೆ ಇಳಿಯಿತು.

ಹೊರಗೆ ಏಪ್ರಿಲ್ ಮಧ್ಯಾಹ್ನ. ಸ್ನಾನದ ನಲ್ಲಿ ಅಂಗಳದ ಆಚೆ ತುದಿಯಲ್ಲಿತ್ತು, ನಡುವೆ ಕಾದ ಸಿಮೆಂಟು. ಕ್ರಿಯೆ ಮಾಡಿದವರು ಚಪ್ಪಲಿ ಹಾಕುವಂತಿರಲಿಲ್ಲ. ಮಾಲವಿಕಾ ಬರಿಗಾಲಿಟ್ಟವಳೇ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

ಮುರಳೀಕೃಷ್ಣ ಅಂಗಡಿಯಿಂದ ತಾವು ಕುಡಿಯಲು ತಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿದರು. ಅವಳ ಮುಂದೆ ಬಂದು, ನೋಯುವ ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ, ನೆಲದ ಮೇಲೆ ನೀರು ಚೆಲ್ಲುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟರು. ಒದ್ದೆಯಾದಷ್ಟು ಜಾಗ ನೋಡಿಕೊಂಡು ಮಾಲವಿಕಾ ಕಾಲಿಡುತ್ತಾ ಬಂದಳು.