ಆರನೆಯ ಖುರ್ಚಿ

ಶಿಬಿರದ ಪೂರ್ವಸಿದ್ಧತಾ ಸಮಿತಿ ಕೂಡಿದ್ದು ಒಟ್ಟು ಐದು ಸಲ. ಅವುಗಳಲ್ಲಿ ಮೂರು ಸಭೆಗಳು ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕೆಂಬ ಚರ್ಚೆಯಲ್ಲಿಯೇ ಮುಗಿದುಹೋದವು. ಬೀದರ, ಭಾಲ್ಕಿ, ಔರಾದ ತಾಲೂಕುಗಳ ಅರವತ್ತು ಮಂದಿ ಅಧ್ಯಾಪಕರಿಗೆ ಬಹುಸಂಸ್ಕೃತಿ ಬೋಧನೆ ಮತ್ತು ಪಠ್ಯಕ್ರಮವನ್ನು ಕುರಿತು ಮೂರು ದಿನದ ತರಬೇತಿ ಕೊಡುವುದು ಸಮಿತಿಯ ಉದ್ದೇಶ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬಂತೆ ಬೆಳೆಯುವ ಮಕ್ಕಳಿಗೆ ಪಾಠ ಹೇಳುವುದು ಹೇಗೆಂಬುದನ್ನು ಆ ಅರವತ್ತು ಮಂದಿ ಕಲಿಯಬೇಕಾಗಿತ್ತು.

ಸಮಿತಿಯ ಅಧ್ಯಕ್ಷರು ಬೀದರದ ಒಂದು ಕಾಲೇಜಿನ ಪ್ರಾಚಾರ್ಯ ಶಿವರಾಜಪ್ಪನವರು. ಅವರು ಬರೆದ ಉದ್ದೇಶಪತ್ರವನ್ನು ಓದಿದವರು ತಲೆದೂಗುತ್ತಿದ್ದರು. ಒಂದು ವಾಕ್ಯವೂ ತೂಕ ತಪ್ಪಿರಲಿಲ್ಲ. ಉರ್ದು ಅಧ್ಯಾಪಕ ಮುನೀರೋದ್ದೀನ ಸದಸ್ಯರಲ್ಲೊಬ್ಬರು. ಕಾರ್ಯದರ್ಶಿ ಸುಭದ್ರಾಬಾಯಿ. ಭಾಲ್ಕಿಯಲ್ಲಿ ಶಿಕ್ಷಕರಾಗಲಿರುವವರಿಗೆ ಪಾಠ ಹೇಳುವ ಉಪನ್ಯಾಸಕಿ. ಹುಟ್ಟೂರು ಗಡಿಯಂಚಿನ ಮೆಹಕರ. ಊರಿನ ಬೌದ್ಧ ಓಣಿಯಿಂದ ಮೊದಲು ಪದವಿ ಪಡೆದ ಹೆಣ್ಣುಮಗಳು ಎಂದು ಈಗಲೂ ಅಲ್ಲಿಯ ಹಿರಿಯರು ಆಕೆಯನ್ನು ತೋರಿಸಿ ಹೇಳುತ್ತಾರೆ.

ಅದು ಎರಡು ಸಾವಿರದ ಹದಿನೈದನೆಯ ಇಸವಿ. ಬಾವಿಗಳು ಬತ್ತಿ, ದಸರೆ ಮುಗಿಯುವ ಮೊದಲೇ ಊರುಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ದಾರಿ ಹಿಡಿದಿದ್ದವು. ಸುಭದ್ರಾಬಾಯಿ ಔರಾದ ತಾಲೂಕಿನ ಡಾಬಕಾದಲ್ಲಿ ಒಂದು ತರಗತಿಯ ಹಾಜರಿ ಪುಸ್ತಕವನ್ನು ನೋಡಿ ಬಂದಿದ್ದಳು. ಮೂವತ್ತೊಂದು ಹೆಸರುಗಳಿದ್ದಲ್ಲಿ ಹನ್ನೊಂದು ಮಕ್ಕಳು ಕುಳಿತಿದ್ದರು. ಉಳಿದವರು ಕಬ್ಬಿನ ಫಡಗಳಲ್ಲಿ ಐದು ತಿಂಗಳು ಕಳೆದು, ಇನ್ನೊಂದು ಭಾಷೆಯನ್ನು ನಾಲಗೆಗೆ ಹತ್ತಿಸಿಕೊಂಡು ಬೇಸಿಗೆಯಲ್ಲಿ ಮರಳುವವರು. ಈ ಮಕ್ಕಳ ವಿಷಯ ಬಿಟ್ಟು ಶಿಬಿರ ನಡೆಸುವುದು ಅನ್ನವಿಲ್ಲದ ಎಲೆ ಹಾಕಿದಂತೆ ಎಂದು ಆಕೆ ಸಭೆಯಲ್ಲಿ ವಾದಿಸಿದಳು. ಅಧ್ಯಾಪಕರಿಗೆ ಇದನ್ನು ಅಧ್ಯಾಪಕರೇ ಹೇಳಬಾರದು, ಕಬ್ಬು ಕಡಿಯುವ ತಾಯಿಯೊಬ್ಬಳು ಉದ್ಘಾಟನೆಯ ದಿನ ವೇದಿಕೆಯಿಂದ ಹೇಳಬೇಕು ಎಂದಳು. ಶಿವರಾಜಪ್ಪನವರು ಒಪ್ಪಿದರು. ಹಿಂದೆ ಸ್ಟೂಲಿನ ಮೇಲೆ ಕೂಡಿಸಬಾರದು, ಉಳಿದವರಿಗೆ ಹಾಕಿದಂಥದೇ ಖುರ್ಚಿ ಹಾಕಬೇಕು ಎಂದು ತಾವಾಗಿಯೇ ಸೂಚಿಸಿದರು. ಹೀಗೆ ವೇದಿಕೆಗೆ ಆರನೆಯ ಖುರ್ಚಿ ಬಂದಿತು.

ಆ ಖುರ್ಚಿಗೆ ಸುಭದ್ರಾಬಾಯಿ ಆರಿಸಿದ್ದು ತನ್ನ ಊರಿನ ಜಿಜಾಬಾಯಿಯನ್ನು.

ಜಿಜಾಬಾಯಿ ಸುಲಭವಾಗಿ ಒಪ್ಪಲಿಲ್ಲ. ಆಕೆಯ ಗಂಡ ಪಂಢರಿ, ಕಬ್ಬು ಕಡಿಯಲು ಆಳುಗಳನ್ನು ಒಯ್ಯುವ ಮುಕಾದಮ ಮಾಣಿಕನಿಗೆ ಮಾತು ಕೊಟ್ಟಾಗಿತ್ತು. ಗುರುವಾರ ಸಂಜೆ ಲಾರಿ ಬರುವುದಿತ್ತು. ಆದರೆ ಆಕೆಗೆ ಹನ್ನೆರಡು ವರ್ಷದ ಮಗಳಿದ್ದಳು, ಶಾಲು, ಏಳನೆಯ ತರಗತಿ. ಹಿಂದಿನ ವರ್ಷ ಆ ಹುಡುಗಿ ತಾಯಿತಂದೆಯರ ಸಂಗಡ ಹೋಗಿ, ಗುಡಿಸಲಿನಲ್ಲಿ ತಮ್ಮನನ್ನು ಆಡಿಸುತ್ತ ಚಳಿಗಾಲವನ್ನೆಲ್ಲ ಕಳೆದು ಬಂದಿದ್ದಳು. ಶಾಲೆಗೆ ಮರಳಿದ ದಿನ ಪ್ರಶ್ನೆಗೆ ಮರಾಠಿಯಲ್ಲಿ ಉತ್ತರ ಹೇಳಿದಾಗ ಇಡೀ ತರಗತಿ ನಕ್ಕಿತ್ತು, ಮಾಸ್ತರರೂ ನಕ್ಕಿದ್ದರು. ಈ ವರ್ಷ ಏನಾದರೂ ಆಗಲಿ ಮಗಳನ್ನು ಕರೆದೊಯ್ಯುವುದಿಲ್ಲ ಎಂಬುದು ಜಿಜಾಬಾಯಿಯ ಹಟ. ಸುಭದ್ರಾಬಾಯಿ ಆ ಹಟಕ್ಕೆ ದಾರಿ ಮಾಡಿಕೊಟ್ಟಳು. ಭಾಲ್ಕಿಯ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಒಂದು ಸ್ಥಾನ ತೆರವಾಗಿತ್ತು. ಶನಿವಾರ ಸಂಜೆಯೊಳಗೆ ಮಗು ಬಂದು ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತದೆ ಎಂದು ಮೇಲ್ವಿಚಾರಕಿ ಶೇವಂತಾಬಾಯಿ ಹೇಳಿದ್ದರು. ಲೆಕ್ಕ ಸರಳವಾಗಿತ್ತು: ಮಂಗಳವಾರ ಜಿಜಾಬಾಯಿ ಬೀದರದಲ್ಲಿ ಮಾತಾಡುವುದು, ಬುಧವಾರ ಶಾಲುವನ್ನು ಭಾಲ್ಕಿಗೆ ಸೇರಿಸುವುದು, ಗುರುವಾರ ನಿಶ್ಚಿಂತೆಯಿಂದ ಲಾರಿ ಹತ್ತುವುದು.

ಜಿಜಾಬಾಯಿ ಮಕ್ಕಳಿಬ್ಬರನ್ನೂ ಗಂಡನ ಬಳಿ ಬಿಟ್ಟು ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದಳು. ಒಗೆದ ಹಸಿರು ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಸಭಾಂಗಣಕ್ಕೆ ಬೀಗ ಹಾಕಿತ್ತು. ಉದ್ಘಾಟನೆಗೆ ಬರಬೇಕಾಗಿದ್ದ ಮುಖ್ಯ ಅತಿಥಿಗಳಿಗೆ ಬೆಂಗಳೂರಿನಲ್ಲಿ ಬರ ಪರಿಶೀಲನೆಯ ಸಭೆ ನಿಗದಿಯಾಗಿತ್ತೆಂದೂ, ಆದಕಾರಣ ಶಿಬಿರವನ್ನು ಗುರುವಾರಕ್ಕೆ ಮುಂದೂಡಲಾಗಿದೆಯೆಂದೂ ಹಿಂದಿನ ಸಂಜೆ ಎಲ್ಲ ಅಧ್ಯಾಪಕರಿಗೂ ತಿಳಿಸಲಾಗಿತ್ತು. ಜಿಜಾಬಾಯಿಗೆ ತಿಳಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಆಗ ಆಕೆಯನ್ನು ಊರಿಗೆ ಕಳಿಸಿಬಿಡಬೇಕಾಗಿತ್ತು. ಸುಭದ್ರಾಬಾಯಿ ಕಳಿಸಲಿಲ್ಲ. ಗುರುವಾರ ಹತ್ತು ಗಂಟೆಗೆ ನಿನ್ನ ಮಾತು, ಹನ್ನೊಂದಕ್ಕೆ ಕಾಲೇಜಿನ ಜೀಪಿನಲ್ಲಿಯೇ ಮೆಹಕರಕ್ಕೆ ಬಿಡುತ್ತೇನೆ, ಲಾರಿ ಬರುವುದು ಸಂಜೆಗೆ, ಶಾಲುವನ್ನು ಶುಕ್ರವಾರ ನಾನೇ ಕೈಹಿಡಿದು ವಸತಿನಿಲಯಕ್ಕೆ ಸೇರಿಸುತ್ತೇನೆ ಎಂದು ಒಪ್ಪಿಸಿದಳು. ಊರಿಗೆ ಹೋದವಳು ತಿರುಗಿ ಬಾರದಿದ್ದರೆ ಆರನೆಯ ಖುರ್ಚಿ ಬರಿದಾಗಿ ಸಭೆಯೆದುರು ತನ್ನ ಮಾತು ಹೋಗುತ್ತದೆಂಬ ಅಂಜಿಕೆ ಆಕೆಗೆ.

"ಮುಕಾದಮನ ಗುರುವಾರ ನಂಬೋದಲ್ಲ ಅಕ್ಕಾ," ಎಂದಳು ಜಿಜಾಬಾಯಿ. "ಈ ಸಲ ಕಬ್ಬು ಕಮ್ಮಿ, ಮಂದಿ ಜಾಸ್ತಿ. ಯಾರು ಮೊದಲ ಮುಟ್ಟತಾರ ಅವರಿಗೆ ಫಡ."

"ಎರಡ ದಿನದ ಮಾತು, ತಂಗಿ. ಪಂಢರಿಗೆ ನನ್ನ ನಂಬರ ಕೊಟ್ಟೀನಿ. ಏನರೆ ಇದ್ರ ಫೋನ ಮಾಡತಾನ."

ಜಿಜಾಬಾಯಿ ಅತಿಥಿಗೃಹದ ಕೋಣೆಯಲ್ಲಿ ಸುಭದ್ರಾಬಾಯಿಯ ಸಂಗಡ ಉಳಿದಳು. ಬೆಳಿಗ್ಗೆ ಎದ್ದು, ಬೇಡವೆಂದರೂ ಕಸ ಗುಡಿಸಿದಳು.

ಬುಧವಾರ ಹನ್ನೊಂದು ಗಂಟೆಗೆ ಸಮಿತಿಯ ಐದನೆಯ ಸಭೆ ಸೇರಿತು. ಜಿಜಾಬಾಯಿ ಹೊರಗೆ ಪಡಸಾಲೆಯ ಬಾಗಿಲ ಬಳಿ ಕುಳಿತಳು. ಸಭೆ ನಡೆಯುವಾಗ ಫೋನು ಸದ್ದು ಮಾಡುವುದು ಶಿವರಾಜಪ್ಪನವರಿಗೆ ಸೇರುತ್ತಿರಲಿಲ್ಲ. ಸುಭದ್ರಾಬಾಯಿ ತನ್ನ ಫೋನಿನ ಸದ್ದಡಗಿಸಿ ಕಡತದ ಕೆಳಗೆ ಇಟ್ಟಳು.

ಅಂದಿನ ವಿಷಯ ವೇದಿಕೆಯ ಏರ್ಪಾಡು. ಮುಖ್ಯ ಅತಿಥಿಗಳ ಬಲಕ್ಕೆ ಯಾರು, ಎಡಕ್ಕೆ ಯಾರು; ಪ್ರತಿಯೊಂದು ಭಾಷೆಗೂ ಸಮುದಾಯಕ್ಕೂ ಒಂದೊಂದು ಸ್ಥಾನ ಸಿಕ್ಕಿತೇ ಇಲ್ಲವೇ; ಜಿಜಾಬಾಯಿಯನ್ನು ಮರಾಠಿಯವಳೆಂದು ಎಣಿಸಬೇಕೋ, ಬೌದ್ಧಳೆಂದೋ, ಹೆಣ್ಣುಮಕ್ಕಳ ಪ್ರತಿನಿಧಿಯೆಂದೋ. ಯಾವುದೆಂದು ಎಣಿಸಿದರೂ ಮತ್ತೊಬ್ಬರ ಸ್ಥಾನಕ್ಕೆ ಧಕ್ಕೆ. ಶಿವರಾಜಪ್ಪನವರು ಹಾಳೆಯ ಮೇಲೆ ಆರು ಚೌಕಗಳನ್ನು ಬರೆದು, ಹೆಸರುಗಳನ್ನು ತುಂಬಿ, ಅಳಿಸಿ, ಮತ್ತೆ ತುಂಬಿದರು.

ಮುನೀರೋದ್ದೀನ ಎರಡನೆಯ ಚಹಾ ಮುಗಿಸಿ, "ಸರ್, ನಡುವ ಒಂದ ಹೂದಾನಿ ಇಡ್ರಿ," ಎಂದರು. "ಅದಕ್ಕ ಜಾತಿನೂ ಇಲ್ಲ, ಜುಬಾನೂ ಇಲ್ಲ. ಅಧ್ಯಕ್ಷತೆನೂ ಅದೇ ವಹಸಲಿ."

ಶಿವರಾಜಪ್ಪನವರು ನಗಲಿಲ್ಲ. "ವಿನೋದಕ್ಕ ಬ್ಯಾರೆ ಹೊತ್ತದರಿ ಮುನೀರ ಸಾಹೇಬ್ರ," ಎಂದು ಮತ್ತೊಂದು ಹಾಳೆ ತೆಗೆದರು.

ಕಡತದ ಕೆಳಗೆ ಫೋನು ಎರಡು ಸಲ ಬೆಳಗಿದ್ದನ್ನು ಸುಭದ್ರಾಬಾಯಿ ಕಂಡಳು. ಯಾವುದೋ ಗೊತ್ತಿಲ್ಲದ ನಂಬರು. ಆ ಗಳಿಗೆಗೆ ಜಿಜಾಬಾಯಿಯ ಖುರ್ಚಿ ಆರರಿಂದ ಐದಕ್ಕೆ ಏರುವುದರಲ್ಲಿತ್ತು. ಆಕೆ ಅದನ್ನು ಏರಿಸಲು ಮಾತಾಡುತ್ತಿದ್ದಳು. ಮಾತು ಮುಗಿಸಿ ನೋಡಿದರಾಯಿತೆಂದುಕೊಂಡಳು. ಮಾತು ಮುಗಿಯುವಾಗ ಮೂರು ಗಂಟೆಯಾಗಿತ್ತು. ಖುರ್ಚಿ ಆರನೆಯದಾಗಿಯೇ ಉಳಿಯಿತು. ಫೋನಿನಲ್ಲಿ ಏಳು ಕರೆಗಳಿದ್ದವು.

ಪಡಸಾಲೆಗೆ ಬಂದು ಆಕೆ ಆ ನಂಬರಿಗೆ ಫೋನು ಹಚ್ಚಿದಳು. ಎತ್ತಿದವನು ಪಂಢರಿ. ಲಾರಿಯ ಸದ್ದಿನ ನಡುವೆ ಅವನ ಮಾತು ತುಂಡುತುಂಡಾಗಿ ಕೇಳಿಸಿತು. ಮಾಣಿಕ ಒಂದು ದಿನ ಮುಂಚೆಯೇ, ಮಧ್ಯಾಹ್ನಕ್ಕೆ, ಲಾರಿ ತಂದಿದ್ದ. ಎರಡು ತಾಸು ಕಾಯಿಸಿದರೂ ಜಿಜಾಬಾಯಿಯ ಸುದ್ದಿಯಿಲ್ಲ. ಈಗ ಉದಗೀರ ದಾಟಿದ್ದೇವೆ ಎಂದ. ಶಾಲು ಎಲ್ಲಿ ಎಂದು ಆಕೆ ಕೇಳಿದಾಗ ಅವನು ಫೋನನ್ನು ಮಾಣಿಕನ ಕೈಗೆ ಕೊಟ್ಟ.

"ಒಂದು ಕೋಯ್ತಾ ಅಂದ್ರ ಇಬ್ಬರು ಮೇಡಂ," ಎಂದ ಮಾಣಿಕ. ಸಿಟ್ಟಿಲ್ಲ, ಅವಸರವೂ ಇಲ್ಲ. "ಒಬ್ಬರು ಕಡೀಲಿಕ್ಕ, ಒಬ್ಬರು ಕಬ್ಬಿನ ಮೋಳಿ ಕಟ್ಟಲಿಕ್ಕ. ಅರ್ಧಾ ಕೋಯ್ತಾ ಈ ವರ್ಷ ಸಕ್ರಿ ಕಾರಖಾನಿ ತಗೋಳಂಗಿಲ್ಲ. ಹೆಂಡತಿ ಇಲ್ಲಂದ್ರ ಇಳಿ ಅಂದೆ. ಅಂವ ಪೋರಿನ್ನ ಹತ್ತಿಸಿದ. ನಾ ಏನ ಜುಲುಮಿ ಮಾಡಿಲ್ರಿ."

ಸುಭದ್ರಾಬಾಯಿ ಆರು ತಿಂಗಳಿಂದ ಹಳ್ಳಿ ಹಳ್ಳಿ ತಿರುಗಿ ಮಕ್ಕಳ ಭಾಷೆಯನ್ನು, ಹಾಡನ್ನು, ಊಟವನ್ನು ಪ್ರಶ್ನಾವಳಿಯಲ್ಲಿ ತುಂಬಿಕೊಂಡಿದ್ದಳು. ಆಳುಗಳನ್ನು ಜೋಡಿಯಾಗಿ ಎಣಿಸುತ್ತಾರೆಂಬುದು ಮೆಹಕರದಲ್ಲಿ ಹುಟ್ಟಿದ ಆಕೆಗೆ ಗೊತ್ತಿಲ್ಲದ್ದೇನಲ್ಲ. ಗಂಡ ಮುಂದೆ ಹೋಗಲಿ, ಹೆಂಡತಿ ಹಿಂದಿನಿಂದ ಹೋದರಾಯಿತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳಷ್ಟೆ. ಓದಿ ನೌಕರಿ ಹಿಡಿದವರ ಮನೆಗಳಲ್ಲಿ ಗಂಡಹೆಂಡಿರು ಹಾಗೆ ಬೇರೆ ಬೇರೆ ಬಸ್ಸಿಗೆ ಹೋಗುವುದುಂಟು.

ಜಿಜಾಬಾಯಿ ಎದ್ದುನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಟು ಎತ್ತಿಕೊಂಡು ಮೆಟ್ಟಿಲಿಳಿದಳು.

ಬಸ್ ನಿಲ್ದಾಣದವರೆಗೆ ಸುಭದ್ರಾಬಾಯಿ ಸಂಗಡ ನಡೆದಳು. ಲಾತೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಲಾತೂರಿನಿಂದ ಕೊಲ್ಹಾಪುರದ ಕಡೆಗೆ, ಅಲ್ಲಿಂದ ಕಾರಖಾನೆ, ಶುಕ್ರವಾರಕ್ಕೆ ಮುಟ್ಟಬಹುದು. ಮುಟ್ಟಿದ ಕೂಡಲೇ ಶಾಲುವನ್ನು ತಿರುಗಿ ಕಳಿಸು, ಶನಿವಾರ ಸಂಜೆಯವರೆಗೆ ಸ್ಥಾನ ಹಿಡಿದಿರಿಸುತ್ತೇನೆ ಎಂದು ಸುಭದ್ರಾಬಾಯಿ ಮೂರು ಸಲ ಹೇಳಿದಳು.

"ಯಾರ ಕೈಯಾಗ ಕಳಸಲಿ?" ಎಂದಳು ಜಿಜಾಬಾಯಿ. "ಹನ್ನೆರಡ ವರ್ಷದ ಪೋರಿ. ಮೂರು ಬಸ್ಸು."

ನಾನೇ ಬರುತ್ತೇನೆ ಎಂಬ ಮಾತು ಸುಭದ್ರಾಬಾಯಿಯ ನಾಲಗೆಯ ತುದಿಯವರೆಗೆ ಬಂದಿತು. ನಾಳೆ ಉದ್ಘಾಟನೆ, ಆಕೆ ಕಾರ್ಯದರ್ಶಿ. ಮಾತು ಅಲ್ಲಿಯೇ ನಿಂತಿತು.

ಬಸ್ಸು ಬಂದಿತು. ಜಿಜಾಬಾಯಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ನಾ ಮಾತಾಡೋದು ಕೇಳಬೇಕಂತಿದ್ರಿ ಅಕ್ಕಾ, ಕೇಳ್ರಿ. ನೀವು ಫೋನ ಬಂದಾಗ ಒಂದ ಸಲ ಬಾಗಿಲಾ ತಗದು ಹೊರಗ ನೋಡಿದ್ರ ಸಾಕಾಗತಿತ್ತು. ನಾ ಅಲ್ಲೇ ಕುಂತಿದ್ದೆ."

ಗುರುವಾರ ಶಿಬಿರ ವಿಜೃಂಭಣೆಯಿಂದ ಉದ್ಘಾಟನೆಗೊಂಡಿತು. ಮುಖ್ಯ ಅತಿಥಿಗಳು ಬರಗಾಲದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಶ್ರಮಜೀವಿ ತಾಯಿಯೊಬ್ಬರಿಗೆ ಅನಿವಾರ್ಯ ಕಾರಣಗಳಿಂದ ಬರಲಾಗಲಿಲ್ಲವೆಂದು ಶಿವರಾಜಪ್ಪನವರು ನಿಜವಾದ ವಿಷಾದದಿಂದ ತಿಳಿಸಿದರು. ಬಳಿಕ ಆರನೆಯ ಖುರ್ಚಿ ಬರಿದಾಗಿರುವುದು ಶೋಭೆಯಲ್ಲವೆಂದು, ಇಡೀ ಶಿಬಿರಕ್ಕೆ ದುಡಿದ ಕಾರ್ಯದರ್ಶಿಗಳನ್ನು ಮೇಲಕ್ಕೆ ಕರೆದರು. ಜಿಜಾಬಾಯಿಗೆಂದು ತಂದಿದ್ದ ಶಾಲನ್ನು ಸುಭದ್ರಾಬಾಯಿಯ ಹೆಗಲಿಗೆ ಹೊದಿಸಲಾಯಿತು. ಅರವತ್ತು ಮಂದಿ ಚಪ್ಪಾಳೆ ತಟ್ಟಿದರು. ಆಕೆ ಬೇಡವೆನ್ನಲಿಲ್ಲ, ಎರಡೂ ಕೈ ಜೋಡಿಸಿ ಕುಳಿತಳು. ಮುನೀರೋದ್ದೀನ ಮಾತ್ರ ಆಕೆಯ ಮುಖವನ್ನೊಮ್ಮೆ ನೋಡಿ ಚಪ್ಪಾಳೆ ನಿಲ್ಲಿಸಿದರು.

ಶನಿವಾರ ಶಿಬಿರಾರ್ಥಿಗಳಿಗೆ ಅಷ್ಟೂರಿನ ಸುಲ್ತಾನರ ಗೋರಿಗಳನ್ನು ತೋರಿಸುವ ಕಾರ್ಯಕ್ರಮವಿತ್ತು. ಸೌಹಾರ್ದ ಪರಂಪರೆಯ ಪ್ರತ್ಯಕ್ಷ ದರ್ಶನವೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸುಭದ್ರಾಬಾಯಿ ಅದನ್ನು ಬಿಟ್ಟು ಭಾಲ್ಕಿಗೆ ಹೋಗಿ ವಸತಿನಿಲಯದ ಹೊರ ಕೋಣೆಯಲ್ಲಿ ಮಧ್ಯಾಹ್ನದಿಂದ ಕುಳಿತಳು. ನಾಲ್ಕು ಗಂಟೆಗೆ ಜಿಜಾಬಾಯಿಯ ಕರೆ ಬಂದಿತು. ಮುಟ್ಟಿದ್ದಳು. ಶಾಲುವಿನ ಅಂಗೈ ತುಂಬ ಬೊಕ್ಕೆ. ಆದರೂ ಮೂರು ಮಂದಿ ದುಡಿದರೆ ದಿನಕ್ಕೆ ಹೆಚ್ಚು ಮೋಳಿ ಬೀಳುತ್ತದೆಂದು ಮುಕಾದಮ ಬಿಡುತ್ತಿಲ್ಲ, ಗಂಡನೂ ಸುಮ್ಮನಿದ್ದಾನೆ. ಕಾಯಬೇಡಿರಿ ಎಂದು ಹೇಳಿ ಜಿಜಾಬಾಯಿ ಫೋನಿಟ್ಟಳು.

ಆದರೂ ಸುಭದ್ರಾಬಾಯಿ ಆರು ಗಂಟೆಯವರೆಗೆ ಕಾದಳು.

ಆರು ಗಂಟೆಗೆ ಶೇವಂತಾಬಾಯಿ ಒಂದು ನಮೂನೆಯನ್ನು ತಂದು ಮೇಜಿನ ಮೇಲಿಟ್ಟರು. ಶಿಫಾರಸು ಮಾಡಿದವರೇ ತುಂಬಿ ಸಹಿ ಮಾಡಬೇಕು. ಮಗುವಿನ ಹೆಸರು, ಊರು, ತರಗತಿ, ಹಾಜರಾಗದಿರುವ ಕಾರಣ. ಸುಭದ್ರಾಬಾಯಿ ಕೊನೆಯ ಕಾಲಮಿನಲ್ಲಿ ಬಹಳ ಹೊತ್ತು ಬರೆದಳು. ಮಗುವಿನ ತಾಯಿಯನ್ನು ತರಬೇತಿ ಶಿಬಿರದ ಸಲುವಾಗಿ ನಾನು ಎರಡು ದಿನ ಬೀದರದಲ್ಲಿ ತಡೆದಿರಿಸಿಕೊಂಡೆ. ತಂದೆಯ ಕರೆಗಳನ್ನು ನಾನು ಎತ್ತಲಿಲ್ಲ. ಆದ್ದರಿಂದ ತಾಯಿಯ ಬದಲು ಮಗು ಹೋಯಿತು. ಅಕ್ಷರಗಳು ಕಾಲಮು ದಾಟಿ ಅಂಚಿನವರೆಗೆ ಹರಿದವು.

ಶೇವಂತಾಬಾಯಿ ಅದನ್ನು ಓದಿದರು. ಒಳ್ಳೆಯ ಹೆಂಗಸು, ಮುಖದಲ್ಲಿ ಕನಿಕರವಿತ್ತು.

"ಇದು ಹಿಂಗ ನಡಿಯಂಗಿಲ್ರಿ ಮೇಡಂ. ಕಂಪ್ಯೂಟರದಾಗ ಒಂದ ಶಬ್ದಕ್ಕಷ್ಟ ಜಾಗಾ ಅದ. ವಲಸಿ ಅಂತ ಬರದುಬಿಡ್ರಿ. ಎಲ್ಲಾರದೂ ಹಂಗೇ ಬರೀತೇವಿ."

ಅವರು ಹೊಸ ನಮೂನೆಯೊಂದನ್ನು ತೆಗೆದು ಎದುರಿಗಿಟ್ಟರು. ಹೊರಗೆ ಪಟ್ಟಿಯ ಮುಂದಿನ ಹುಡುಗಿ ತನ್ನ ಅಜ್ಜಿಯ ಸಂಗಡ ಟ್ರಂಕು ಹಿಡಿದು ನಿಂತಿದ್ದಳು; ಅಜ್ಜಿ ಊರಿಗೆ ಮರಳಬೇಕಾದ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಸುಭದ್ರಾಬಾಯಿ ಒಂದು ಗಳಿಗೆ ಆ ಬಿಳಿಯ ಹಾಳೆಯನ್ನು ನೋಡಿದಳು. ಬಳಿಕ ದುಂಡಗಿನ ಅಕ್ಷರಗಳಲ್ಲಿ ವಲಸೆ ಎಂದು ಬರೆದು, ಕೆಳಗೆ ಸಹಿ ಹಾಕಿದಳು.