ದನಿ ಹೊರಗೆ ಬರಬಾರದು

ರೆಕಾರ್ಡಿನ ಗೆರೆ ಮಲಗಿಯೇ ಇದೆ, ಲ್ಯಾಪ್‌ಟಾಪ್ ಪರದೆಯ ಈ ತುದಿಯಿಂದ ಆ ತುದಿಗೆ ಹಸಿರು ದಾರ ಎಳೆದ ಹಾಗೆ, ಏರಿಲ್ಲ ಇಳಿದಿಲ್ಲ, ಮೂರು ಹೊಡೆದು ನಾಲ್ಕು ನಿಮಿಷ, ಇಷ್ಟು ಹೊತ್ತಿಗೆ ಆ ಚಳಿದೇಶದ ಪುಣ್ಯಾತ್ಮ ತನ್ನ ಇಂಟರ್ನೆಟ್ ರೇಡಿಯೋದಲ್ಲಿ ನಮಸ್ಕಾರ ಹೇಳಿ ಮುಗಿಸಿರಬೇಕು, ಗೆರೆ ಮಾತ್ರ ಮೀನು ಅನ್ನ ಉಂಡ ಗುಮಾಸ್ತನ ಹಾಗೆ ಉದ್ದಕ್ಕೆ ಬಿದ್ದುಕೊಂಡಿದೆ — ಗಂಗೆಯ ದಡದ ಈ ಇಡೀ ಕೊನ್ನಗರವೇ ಈಗ ಬಿದ್ದುಕೊಂಡಿರುತ್ತದೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳಿಗೂ ನಿದ್ದೆ, ಇಲ್ಲದಿದ್ದರೆ ಸ್ಟೇಷನ್ ರಸ್ತೆಗೆ ಓಡಿಹೋಗಿ ಹೊಸ ಹೆಡ್‌ಫೋನ್ ತಂದುಬಿಡುತ್ತಿದ್ದೆ, ಈಗಿರುವುದು ಇಲಿ ಕಡಿದದ್ದು, ಕಿವಿ ಹೋಗಿ ಬಾಲ ಉಳಿದದ್ದು, ಆ ಬಾಲದ ಪಿನ್ನನ್ನೇ ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಚುಚ್ಚಿ ಕೂತಿದ್ದೇನೆ. ಅದೇ ಸಾಕು ಕಾಕು, ಅಂದಳು ತಿತಿರ್ ಫೋನಿನಲ್ಲಿ, ಅಣ್ಣನ ಮಗಳು, ದಿಲ್ಲಿಯಿಂದ, ಚಿಕ್ಕಪ್ಪನಾದ ನಾನು ಅವಳಿಗೆ ಕಾಕು, ಪಿನ್ನು ಒಳಗಿದ್ರೆ ಯಾರೋ ಕಿವಿಗೆ ಹಾಕ್ಕೊಂಡಿದಾರೆ ಅಂತ ಅದು ನಂಬ್ಕೊಳ್ಳತ್ತೆ, ಸ್ಪೀಕರಿಗೆ ದನಿ ಬಿಡಲ್ಲ, ರೆಕಾರ್ಡ್ ಒಳಗೊಳಗೇ ಆಗ್ತಿರತ್ತೆ, ಆದ್ರೆ ಮ್ಯೂಟ್ ಮಾತ್ರ ಒತ್ಬೇಡ ಕಾಕು, ಈ ಹಳೇ ಡಬ್ಬದಲ್ಲಿ ಮ್ಯೂಟ್ ಒತ್ತಿದ್ರೆ ರೆಕಾರ್ಡೂ ಸತ್ತೋಗತ್ತೆ, ತಿಳೀತಾ? ತಿಳೀತು ಕಣಮ್ಮಾ, ಮ್ಯೂಟ್ ಮಾತ್ರ ಒತ್ಬೇಡ ಕಾಕು, ಎಂದು ಅವಳದೇ ಮೂಗುದನಿಯಲ್ಲಿ ಒಪ್ಪಿಸಿದೆ, ನಕ್ಕಳು, ನೀನು ಸಾಯೋವಾಗ್ಲೂ ಡಾಕ್ಟ್ರನ್ನ ಅಣಕಿಸ್ತಿರ್ತೀಯ ಅಂದಳು — ಅಯ್ಯೋ, ಮೂಲೆಯಲ್ಲಿ ಆ ಪುಟ್ಟ ಸ್ಪೀಕರಿನ ಚಿತ್ರದ ಮೇಲೆ ಕೆಂಪು ಅಡ್ಡಗೆರೆ, ಒತ್ತಿದ್ದೇನೆ, ಯಾವಾಗ ಒತ್ತಿದೆ, ನಾನೆಲ್ಲಿ ಒತ್ತಿದೆ, ಕೈ ಒತ್ತಿದೆ, ಎಂಟು ತಿಂಗಳಿಂದ ಈ ಮನೆಯ ಕೈಗಳಿಗೆಲ್ಲ ಇದೊಂದೇ ಕೆಲಸ, ಫೋನಿನ ಬಾಯಿ ಮುಚ್ಚು, ಕರೆಗಂಟೆಯ ವೈರು ಕೀಳು, ಕುಕ್ಕರು ಕೂಗುವ ಮೊದಲೇ ಒಲೆ ಆರಿಸು, ಅರ್ಧ ಬೆಂದ ಬೇಳೆ ತಿಂದು ತಿಂದು ನಮ್ಮ ಹೊಟ್ಟೆಗಳಷ್ಟೇ ಈ ಮನೆಯಲ್ಲಿ ಇನ್ನೂ ಸದ್ದು ಮಾಡುತ್ತವೆ.

ತೆಗೆಯಬೇಕು, ಮ್ಯೂಟ್ ತೆಗೆಯಬೇಕು, ತೆಗೆದರೆ ಇಲಿಯ ಎಂಜಲಾದ ಈ ಪಿನ್ನೊಂದೇ ಕಾವಲು, ಅದು ಕೈಕೊಟ್ಟರೆ ಅಣ್ಣನ ದನಿ ಒಮ್ಮೆಲೇ ಹೊರಗೆ, ಪಕ್ಕದ ಕೋಣೆಗೆ, ನಡುವೆ ಒಂದು ಬಟ್ಟೆಯ ಪರದೆ ಬಿಟ್ಟರೆ ಏನಿದೆ, ಅಲ್ಲಿ ಅಣ್ಣ ಮಲಗಿದ್ದಾನೆ, ಶಿಬತೋಷ್ ಹಾಜ್ರಾ, ಹರಬೋಲಾ, ಬಾಯೊಂದರಲ್ಲೇ ಹಕ್ಕಿ ಪಶು ಮಳೆ ದೋಣಿ ಎಲ್ಲ ಕೂಗಿಸುತ್ತಿದ್ದವನು, ಪೂಜೆಯ ಪೆಂಡಾಲುಗಳಲ್ಲಿ ತೆರೆಯ ಹಿಂದೆ ನಿಂತು ಕಾಗೆ ಜಗಳ ತೆಗೆದನೆಂದರೆ ಮರದ ಮೇಲಿನ ನಿಜವಾದ ಕಾಗೆಗಳು ಪಕ್ಷ ವಹಿಸಿಕೊಂಡು ಬರುತ್ತಿದ್ದವು, ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತು ಹೋಯಿತು, ಆ ಅಂದರೆ ನೀರು, ಆ ಅಂದರೆ ಬೇಡ, ಆ ಅಂದರೆ ಬಾ. ಚೈತ್ರದಲ್ಲಿ ಕಿಟಕಿಯಾಚೆ ಕೋಗಿಲೆ ಕೂಗಿತು, ಯಾವ ಸದ್ದಿಗೂ ಮಾಡುವ ಹಾಗೆ ಅವನು ಉತ್ತರ ಕೊಡಲು ಹೋದ, ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು, ಮುಖ ನೀಲಿ, ಎಂಜಲು ಗಂಟಲಿಗಿಳಿದು ಕೆಮ್ಮು, ಅವನ ಹೆಂಡತಿ, ನನ್ನ ಬೌದಿ, ಬೆನ್ನು ತಟ್ಟುತ್ತಾ ಅಳುತ್ತಾ ಕೋಗಿಲೆಗೇ ಬೈದಳು, ಮುಂಡೇದೇ, ನಿಂಗೆ ಬೇರೆ ಮನೆ ಸಿಗ್ಲಿಲ್ವಾ. ಅಂದಿನಿಂದ ಆ ಕಿಟಕಿ ತೆಗೆದಿಲ್ಲ. ನಾನೇನು ಕಡಿಮೆಯೇ, ಅದಕ್ಕೂ ಮೊದಲು, ಅವನು ಆಸ್ಪತ್ರೆಯಿಂದ ಬಂದ ಎರಡನೇ ವಾರ, ನಗಿಸೋಣವೆಂದು ಅವನ ಕೋಗಿಲೆಯ ಕೂಗನ್ನು ನಾನು ತೆಗೆದೆ, ಥೇಟ್ ಅವನದೇ, ಅವನು ಗೋಡೆಯ ಕಡೆ ತಿರುಗಿದ, ಮೂರು ದಿನ ನನ್ನ ಕೈಯಿಂದ ಒಂದು ಚಮಚ ಸೂಪನ್ನೂ ಮುಟ್ಟಲಿಲ್ಲ. ಅಣಕಿಸುವುದರಲ್ಲಿ ನಾನು ಮನುಷ್ಯರ ಗಿರಾಕಿ, ಹೆಡ್‌ಮಾಸ್ತರು, ರೈಲಿನ ಟಿಕೆಟ್ ಬಾಬು, ಸೊಸೆಯ ಎದುರು ಒಂದು ದನಿ ಬೆನ್ನ ಹಿಂದೆ ಒಂದು ದನಿ ತೆಗೆಯುವ ಎದುರುಮನೆಯ ಯಜಮಾನಿ ಘೋಷಾಲ್ ಗಿನ್ನಿ, ಅದಕ್ಕೆ ಅವನು ಅನ್ನುತ್ತಿದ್ದ, ಮನುಷ್ಯರನ್ನ ಯಾರು ಬೇಕಾದ್ರೂ ಅಣಕಿಸ್ತಾರೆ ಪ್ರಿಯೊ, ಅವರು ಮೊದ್ಲೇ ಅರ್ಧ ನಾಟಕ, ಹಕ್ಕಿ ಹಾಗಲ್ಲ ಕಣೋ, ಅದು ಒಂದೇ ಉಸಿರು, ಸುಳ್ಳು ಹೊಡೆದ್ರೆ ಸಿಕ್ಕಿಬೀಳ್ತೀಯ. ಸಿಕ್ಕಿಬಿದ್ದೆ ದಾದಾ.

ಐದು ನಿಮಿಷವಾಯಿತು, ಪೀಠಿಕೆ ಹೋಯಿತು, ಕಾಗೆಯೂ ಹೋಗಿರಬಹುದು, ಅವನ ದನಿ ಇದ್ದ ಒಂದೇ ಒಂದು ಕ್ಯಾಸೆಟ್ಟು ಒಂದು ವರ್ಷದ ನೆರೆಯಲ್ಲಿ ಕಪಾಟಿನ ಜೊತೆ ತೇಲಿಹೋಯಿತು, ಮೂವತ್ತು ವರ್ಷದ ಹಿಂದೆ ರೇಡಿಯೋದಲ್ಲಿ ಬಂದದ್ದನ್ನು ಈ ಪುಣ್ಯಾತ್ಮ ಊರು ಬಿಡುವಾಗ ಟೇಪಿಗೆ ಹಿಡಿದು ಒಯ್ದನಂತೆ, ಇವತ್ತೊಂದು ದಿನ ಹಾಕುತ್ತಾನಂತೆ, ಪ್ರತಿ ಕಳಿಸಿ ಎಂದು ಬರೆದೆ, ಟೇಪು ಜೀರ್ಣವಾಗಿದೆ ದಾದಾ, ಇನ್ನೊಂದು ಸಲ ಓಡಿದ್ರೆ ನನ್ನ ಪುಣ್ಯ, ನೀವೇ ಹಿಡ್ಕೊಳ್ಳಿ ಅಂದ. ಬೌದಿಯನ್ನು ಕೇಳದೆ ಹಿಡಿಯಬಹುದಿತ್ತು, ಕೇಳಿದೆ, ಅವಳು ಮೀನಿನ ಮುಳ್ಳು ಬಿಡಿಸುತ್ತಾ ತಲೆಯೆತ್ತದೆ ಈ ಮೈದುನನಿಗೆ ಅಂದಳು, ಹಿಡಿ ಠಾಕುರ್‌ಪೋ, ಅವರು ಹೋದ್ಮೇಲೆ ನಂಗೆ ಬೇಕಾಗತ್ತೆ, ಇರೋವಾಗ ಬೇಡ, ಅವರ ಕಿವಿಗೆ ಬಿದ್ರೆ ಮತ್ತೆ ಆ ದನಿ ಹೊರಗೆ ತರೋಕೆ ಹೋಗ್ತಾರೆ, ಹೋದ್ರೆ ನಾನು ನಿನ್ನ ಸುಮ್ನೆ ಬಿಡಲ್ಲ. ಒತ್ತುತ್ತೇನೆ, ಒತ್ತಿದೆ, ಅಡ್ಡಗೆರೆ ಹೋಯಿತು, ನನ್ನ ಉಸಿರೂ ಹೋಯಿತು — ಸದ್ದಿಲ್ಲ. ಫ್ಯಾನು ಮಾತ್ರ. ಪಿನ್ನು ಹಿಡಿದಿದೆ. ಗೆರೆಯೋ, ಗೆರೆ ಎದ್ದಿತು, ದಡಬಡನೆ ಮುಳ್ಳುಮುಳ್ಳಾಗಿ, ಇದು ಕಾಗೆಯೇ, ಹೋಗಿರಲಿಲ್ಲ, ಜಗಳ ಇನ್ನೂ ನಡೆದಿದೆ, ಈ ದೊಡ್ಡ ಮುಳ್ಳು ಹಿರೀಕಾಗೆ, ಪಕ್ಕದ ಚಿಕ್ಕವು ಮರಿಗಳು, ನಾನು ಕೇಳದೆಯೇ ಕೇಳುತ್ತಿದ್ದೇನೆ, ಕಿವುಡನ ಮನೆಯ ಮದುವೆ ಹೀಗೇ ಇರುತ್ತದೇನೋ, ಎಲ್ಲರ ಬಾಯಿ ಆಡುತ್ತಿದೆ, ದನಿ ಎಲ್ಲೋ ಒಳಗೆ ಉಣ್ಣುತ್ತಿದೆ. ಈಗ ಗೆರೆ ಸಣ್ಣಗೆ ನಡುಗುತ್ತಿದೆ, ಮಳೆ, ಹಂಚಿನ ಮೇಲೆ ಮಳೆ, ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದ, ಈಗ ಉದ್ದನೆಯ ದಿಂಡು, ಗಂಗೆಯ ಮೇಲೆ ಉಗಿದೋಣಿಯ ಕೂಗು, ದಿಂಡು ಕರಗಿ ದಾರವಾಯಿತು, ದಾರ, ಇದರ ಮುಂದೆ ಕೋಗಿಲೆ, ಕೊನೆಯದು ಯಾವಾಗಲೂ ಕೋಗಿಲೆ, ಗೆರೆಯ ಪಕ್ಕದಲ್ಲಿ ಆ ಪುಣ್ಯಾತ್ಮ ತನ್ನ ರೇಡಿಯೋ ಪುಟಕ್ಕೆ ಅಂಟಿಸಿದ ಹಳೇ ಫೋಟೋ, ಅಂಗೈ ಬಾಯಿಗೆ ಬಟ್ಟಲಾಗಿ ಹಿಡಿದ ಅಣ್ಣ, ತಲೆತುಂಬ ಕೂದಲು, ನಾನು ದಣಿದಿದ್ದೇನೆ ದಾದಾ, ಎಂಟು ತಿಂಗಳು ಪಿಸುಗುಟ್ಟಿ ಪಿಸುಗುಟ್ಟಿ ನನ್ನ ನಿಜವಾದ ದನಿ ಯಾವುದೆಂದು ನನಗೇ ಮರೆತಿದೆ —

ಪರದೆ ಸರಿಯಿತು, ಬಟ್ಟೆಯ ಪರದೆ, ಬೌದಿ ಎಂದುಕೊಂಡೆ, ಅಲ್ಲ, ಎಡಗೈಯಲ್ಲಿ ಗೋಡೆ ಹಿಡಿದು ಒಂದು ಕಾಲು ಎಳೆಯುತ್ತಾ ಅವನೇ, ಬರಿಮೈ, ಲುಂಗಿ, ಕಣ್ಣು ಫೋಟೋದ ಮೇಲೆ. ಮುಚ್ಚಳ ಮುಚ್ಚಿಬಿಡು, ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ಅದು ಮಲಗಿದರೆ ರೆಕಾರ್ಡೂ ಮಲಗುತ್ತದೆ, ಕೋಗಿಲೆ ಹೋಗುತ್ತದೆ, ಇನ್ನೊಂದು ಪ್ರತಿ ಯಾರ ಬಳಿಯೂ ಇಲ್ಲ, ಕೈ ಮುಚ್ಚಳದ ಅಂಚಿನಲ್ಲಿ, ಅವನು ನನ್ನ ಮಂಚದ ತುದಿಗೆ ಕುಸಿದು ಕೂತ, ಅವನಿಗೆ ಗೊತ್ತಾಗಿಹೋಗಿದೆ, ಆ ಫೋಟೋ, ಆ ಗೆರೆ. ಏನ್ ಠಾಕುರ್‌ಪೋ ಅದು, ಬೌದಿ ಅವನ ಹಿಂದೆ, ಜಾರಿದ ಸೆರಗು, ನಿದ್ದೆಗಣ್ಣು, ಮುಚ್ಚು ಅದನ್ನ, ಮುಚ್ಚು ಅಂದೆ, ನಿನ್ನ ಕೈ ಸೇದಿಹೋಗ. ಮುಚ್ಚಲಾರೆ. ದಾರ ಇನ್ನೂ ನೆಟ್ಟಗಿದೆ, ಅವನು ಅದನ್ನೇ ನೋಡುತ್ತಾ, ಬಟ್ಟಲು ಹಿಡಿಯಲು ಬಾರದ ಬಲಗೈ ತೊಡೆಯ ಮೇಲೆ, ತುಟಿ ನಿಧಾನ ಮುಂದೆ ಬಂತು, ದುಂಡಗಾಯಿತು, ಬೌದಿ ಓಡಿ ಬಂದು ಬೆನ್ನು ತಟ್ಟಲು ಕೈಯೆತ್ತಿದಳು — ಗೆರೆ ಎದ್ದಿತು, ನುಣ್ಣಗೆ ಉಬ್ಬಿ ಇಳಿಯಿತು, ಕೋಗಿಲೆಯೇ, ಅವನ ಕತ್ತಿನ ನರ ಉಬ್ಬಿಲ್ಲ, ಕೆಮ್ಮಿಲ್ಲ, ಎತ್ತಿದ ಬೌದಿಯ ಕೈ ಎತ್ತಿದಲ್ಲೇ, ಮತ್ತೆ ದಾರ, ಮತ್ತೆ ತುಟಿ ದುಂಡಗಾಗುತ್ತದೆ, ಮೊದಲು ತುಟಿ, ಆಮೇಲೆ ಗೆರೆ, ಯಾವ ಕ್ಷಣಕ್ಕೆ ಎಂದು ಅವನಿಗೆ ಗೊತ್ತು, ನಮಗಲ್ಲ, ಫ್ಯಾನಿನ ಸದ್ದೊಂದೇ, ತುಟಿ ದುಂಡಗಾಗುತ್ತದೆ, ಗೆರೆ ಏಳುತ್ತದೆ, ಮೊದಲಿಗಿಂತ ಎತ್ತರಕ್ಕೆ, ತುಟಿ ದುಂಡಗಾಗುತ್ತದೆ, ಗೆರೆ